ಹೆಸರು ಗೊತ್ತಿದ್ದರೆ ಸಿಗುತ್ತವೆ

ಜೂನ್ 8, ಭಾನುವಾರ

ಇವತ್ತು ಅಮ್ಮನಿಗೆ ‘ತಿಥಿ’ ತೋರಿಸಿದೆ. ಮದ್ದೂರಿನ ಕಡೆಯವಳು, ಆ ಚಿತ್ರದ ಮಾತಿನ ಧಾಟಿ ಕೇಳಿಕೊಂಡೇ ಬೆಳೆದವಳು. ಆದರೂ ಇಂಥದ್ದೊಂದು ಸಿನಿಮಾ ಬಂದಿದೆ ಅಂತಲೇ ಗೊತ್ತಿರಲಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ, ಆಮೇಲೆ ರಾಷ್ಟ್ರಪ್ರಶಸ್ತಿ. ಇಷ್ಟೆಲ್ಲ ಪಡೆದ ಚಿತ್ರ ಮಂಡ್ಯ ಜಿಲ್ಲೆಯ ಹೆಣ್ಣುಮಗಳೊಬ್ಬಳನ್ನು ಮುಟ್ಟಿದ್ದು ಈಗ.

ಸೆಂಚುರಿ ಗೌಡ ದಾರಿಬದಿ ಕೂತು ಹೋಗಿಬರುವವರನ್ನೆಲ್ಲ ಬೈಯುವಾಗ ಅಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. “ಇವ್ನು ಪಾರ್ಟ್ ಮಾಡ್ತಿಲ್ಲ ಕಣೇ, ನಿಜ್ವಾಗ್ಲೂ ಬೈತಾವ್ನೆ” ಅಂದಳು. ಅವಳ ಊಹೆ ಬಹುಮಟ್ಟಿಗೆ ಸರಿ. ನಿರ್ದೇಶಕ ರಾಮ್ ರೆಡ್ಡಿ ಜೊತೆ ಕತೆ ಬರೆದವರು ಈರೇಗೌಡ. ಅವರ ಊರು ನೊದೆಕೊಪ್ಪಲು. ಅಲ್ಲಿನ ಮತ್ತು ಸುತ್ತಮುತ್ತಲ ಜನರನ್ನೇ, ಅದುವರೆಗೆ ಕ್ಯಾಮೆರಾ ಎದುರಿಸದವರನ್ನೇ ಹಾಕಿಕೊಂಡು ಮಾಡಿದ ಚಿತ್ರ ಅದು.

ನೂರೊಂದು ವರ್ಷದ ಅಜ್ಜ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನಕ್ಕೆ ತಿಥಿ. ಮೊಮ್ಮಗ ತಮ್ಮಣ್ಣನ ಕಣ್ಣು ಜಮೀನಿನ ಮೇಲೆ. ಜಮೀನು ಅವನ ಕೈಗೆ ಬರಬೇಕಾದರೆ ನಡುವೆ ಇರುವ ಅಪ್ಪ ಗಡ್ಡಪ್ಪ ಕಾಗದದ ಮೇಲಾದರೂ ಸಾಯಬೇಕು. ಗಡ್ಡಪ್ಪನಿಗೋ ಜಮೀನೂ ಬೇಡ, ತಿಥಿಯೂ ಬೇಡ. ಬೀಡಿ ಸೇದುತ್ತ, ಬ್ರಾಂದಿ ಗುಟುಕರಿಸುತ್ತ ಹೊಲಗಳ ನಡುವೆ ನಡೆದೇ ಇರುತ್ತಾನೆ. ಹಿನ್ನೆಲೆ ಸಂಗೀತವಿಲ್ಲ. ಎಲ್ಲಿ ನಗಬೇಕು, ಎಲ್ಲಿ ಮರುಗಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ತಮ್ಮಣ್ಣನ ಓಡಾಟಕ್ಕೆ ಬಿದ್ದುಬಿದ್ದು ನಗುತ್ತಿದ್ದ ಅಮ್ಮ, ಗಡ್ಡಪ್ಪ ಕುರಿ ಕಾಯುವವರ ಮುಂದೆ ತನ್ನ ಹಿಂದಿನದನ್ನು ಹೇಳಿಕೊಳ್ಳುವಾಗ ಸುಮ್ಮನಾದಳು. ಆ ಮನುಷ್ಯನ ನಡಿಗೆಯೆಲ್ಲ ಅಲ್ಲಿ ಬೇರೆಯಾಗಿ ಅರ್ಥವಾಗುತ್ತದೆ. ಕನ್ನಡದಲ್ಲಿ ಈಚಿನ ದಶಕಗಳಲ್ಲಿ ಇದಕ್ಕಿಂತ ದೊಡ್ಡ ಚಿತ್ರ ನಾನು ನೋಡಿಲ್ಲ.

ಜೂನ್ 11

‘ತಿಥಿ’ಯಂಥ ಇನ್ನೊಂದು ಸಿಗಬಹುದೇ ಅಂತ ಓಟಿಟಿ ಆ್ಯಪ್ ತೆರೆದು ‘ಕನ್ನಡ’ ಅಂತ ಒತ್ತಿದೆ. ಬಹುಪಾಲು ಡಬ್ ಆಗಿ ಬಂದವು, ಉಳಿದವು ದೊಡ್ಡ ಸ್ಟಾರ್‌ಗಳವು. ಹೆಚ್ಚು ಜನ ನೋಡಿದ್ದು ಮೇಲೆ ಬರುತ್ತದೆ, ಮೇಲಿದ್ದುದನ್ನೇ ಜನ ನೋಡುತ್ತಾರೆ. ಹೀಗೆ ಸುತ್ತುವ ಲೆಕ್ಕದೊಳಗೆ ಸಣ್ಣ ಚಿತ್ರ ತಾನಾಗಿ ಎದ್ದು ಬರುವುದು ಕಷ್ಟ. ಹೆಸರನ್ನೇ ಟೈಪ್ ಮಾಡಬೇಕು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ ಆ್ಯಪ್‌ನವರು ಬರೆದ ಹಾಗೇ.

ಜೂನ್ 14

‘ಗಂಟುಮೂಟೆ’, 2019. ರೂಪಾ ರಾವ್ ನಿರ್ದೇಶನ. ತೊಂಬತ್ತರ ದಶಕದ ಬೆಂಗಳೂರು, ಹೈಸ್ಕೂಲು ಹುಡುಗಿ ಮೀರಾ.

ನಮ್ಮ ಸಿನಿಮಾಗಳಲ್ಲಿ ಹದಿಹರೆಯದ ಪ್ರೀತಿ ಅಂದರೆ ಹುಡುಗ ಹಿಂದೆ ಬೀಳುವುದು, ಹುಡುಗಿ ತಲೆತಗ್ಗಿಸಿ ನಗುವುದು. ಇಲ್ಲಿ ನೋಡುವವಳು ಮೀರಾ. ಅವಳ ಆಸೆ, ಹಟ, ಸಿನಿಮಾ ಹುಚ್ಚು, ಎಲ್ಲವೂ ಅವಳದೇ ದನಿಯಲ್ಲಿ. ನಾನು ಆ ವಯಸ್ಸಿನಲ್ಲಿದ್ದಾಗ ಇಂಥ ಹುಡುಗಿ ಒಬ್ಬಳೂ ತೆರೆಯ ಮೇಲೆ ಇರಲಿಲ್ಲ. ತೇಜು ಬೆಳವಾಡಿಯ ಮುಖದಲ್ಲಿ ಖುಷಿ, ಭಯ ಎರಡೂ ಒಟ್ಟಿಗೇ ಹಾಯುತ್ತವೆ. ಪರೀಕ್ಷೆಯ ಒತ್ತಡ ಮಕ್ಕಳನ್ನು ಎಲ್ಲಿಗೆ ತಳ್ಳುತ್ತದೆ ಅನ್ನುವುದು ಕೊನೆಗೆ ಎದೆಗೆ ಬಡಿಯುತ್ತದೆ.

ಜೂನ್ 21

‘ಏಕಂ’ ಮುಗಿಸಿದೆ. ಕರಾವಳಿಯ ಏಳು ಕತೆಗಳ ಸರಣಿ, ರಕ್ಷಿತ್ ಶೆಟ್ಟಿ ಅರ್ಪಿಸಿದ್ದು. ಕೊಳ್ಳುವ ಓಟಿಟಿ ಸಿಗದೆ 2024ರಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಇದ್ದೂ ಈ ಗತಿ ಅಂದರೆ ಹೊಸಬರು ಯಾವ ಬಾಗಿಲು ತಟ್ಟಬೇಕು? ಕನ್ನಡದಲ್ಲಿ ಸರಣಿ ಮಾಡುವ ಧೈರ್ಯವೇ ಹೀಗೆ ಕುಗ್ಗಿಹೋಗುತ್ತದೆ ಅನ್ನುವುದು ನನಗೆ ನಿಜವಾದ ಚಿಂತೆ. ಏಳೂ ಕತೆಗಳು ಒಂದೇ ತೂಕದವಲ್ಲ. ಆದರೆ ಮಾತು ಆ ಮಣ್ಣಿನದು, ಯಾವ ಕತೆಗೂ ಅವಸರವಿಲ್ಲ.

ಇದರ ನಿರ್ದೇಶಕರಲ್ಲೊಬ್ಬರಾದ ಸುಮಂತ್ ಭಟ್ ಅವರದೇ ಸಿನಿಮಾ ‘ಮಿಥ್ಯ’ವನ್ನೂ ನೋಡಿದೆ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗ ಮುಂಬೈಯಿಂದ ಉಡುಪಿಗೆ ಬರುತ್ತಾನೆ. ಹುಡುಗನನ್ನು ಅಳಿಸಿ ನಮ್ಮನ್ನೂ ಅಳಿಸುವುದು ಸುಲಭವಿತ್ತು. ಭಟ್ ಹಾಗೆ ಮಾಡಿಲ್ಲ. ಅವನ ಸಿಟ್ಟನ್ನೂ ಅಷ್ಟೇ ಗೌರವದಿಂದ ನೋಡಿದ್ದಾರೆ.

ರಾತ್ರಿ ಅತ್ತಿಗೆ ಫೋನ್ ಮಾಡಿ, ರಜೆಯಲ್ಲಿ ಮಗಳ ಜೊತೆ ಏನು ನೋಡಲಿ ಅಂತ ಕೇಳಿದರು. ನಾಲ್ಕೂ ಹೆಸರು ಬರೆಸಿದೆ. ಮಗಳು ಈ ವರ್ಷ ಹತ್ತನೇ ಕ್ಲಾಸು. ‘ಗಂಟುಮೂಟೆ’ಯಿಂದ ಶುರು ಮಾಡಿ, ಆದರೆ ಅವಳನ್ನು ಒಬ್ಬಳೇ ನೋಡಲು ಬಿಡಬೇಡಿ, ನೀವೂ ಪಕ್ಕದಲ್ಲಿ ಕೂತಿರಿ ಅಂದೆ.