ಹೊಸ ದುಂಬಿಯ ಜಾತಕ

ಉದ್ದ 0.79 ಮಿಲಿಮೀಟರ್. ಮೈಬಣ್ಣ ಎಳೆ ಹಳದಿ. ರೆಕ್ಕೆ ಇಲ್ಲ. ಕಣ್ಣೂ ಇಲ್ಲ, ಅವಿರಬೇಕಾದ ಜಾಗಗಳ ನಡುವೆ ಸಣ್ಣದೊಂದು ಗುಳಿ.

ಮದುವೆ ದಲ್ಲಾಳಿಯಾಗಿದ್ದರೆ ಇಷ್ಟು ಸತ್ಯ ಬರೆಯುತ್ತಿರಲಿಲ್ಲ. 'ಕಣ್ಣಿಲ್ಲ' ಎಂಬುದನ್ನು 'ತಲೆಯೆತ್ತಿ ನೋಡದ ಸ್ವಭಾವ' ಎಂದು ತಿದ್ದಿರುತ್ತಿದ್ದ. ಕೀಟವಿಜ್ಞಾನಿಗಳಿಗೆ ಅಂಥ ದಾಕ್ಷಿಣ್ಯವಿಲ್ಲ. ಕುಲ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕುಡಿಮೀಸೆಯ ಗಣ್ಣು ಎಣಿಸುತ್ತಾರೆ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಜನನಾಂಗವನ್ನೇ ಬಿಡಿಸಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಮೇಲ್ನೋಟಕ್ಕೆ ಒಂದೇ ಥರ ಕಾಣುವ ಎಷ್ಟೋ ದುಂಬಿಗಳು ಬೇರೆಬೇರೆಯೆಂದು ಗೊತ್ತಾಗುವುದೇ ಅಲ್ಲಿ. ಸತ್ತಮೇಲೂ ಮಾನ ಉಳಿಯದ ಜನ್ಮ, ಪಾಪ.

ಈ ಪುಟಾಣಿ ಕೀನ್ಯಾದ ಮಣ್ಣು, ತರಗೆಲೆಗಳ ನಡುವೆ ಬಾಳಿದ್ದು. ವಿಲಿಯಂ ಬ್ಲಾಕ್ ಎಂಬವರು 1960ರ ದಶಕದಲ್ಲಿ ಹಿಡಿದರು. 1978ರಲ್ಲಿ ಅದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು, ಸೇರಿ ಸುಮ್ಮನಿತ್ತು. ಕೊನೆಗೆ ಮೈಕೆಲ್ ಡಾರ್ಬಿ ಅಲ್ಲಿನ ಸಂಗ್ರಹ ಶೋಧಿಸುತ್ತ ಅದನ್ನು ಗುರುತಿಸಿ, 2019ರಲ್ಲಿ 'ನೆಲ್ಲೊಪ್ಟೋಡ್ಸ್ ಗ್ರೆಟೇ' ಎಂದು ನಾಮಕರಣ ಮಾಡಿದರು. ಹವಾಮಾನ ಹೋರಾಟಗಾರ್ತಿ ಗ್ರೆಟಾ ಥನ್‌ಬರ್ಗ್ ಮೇಲಿನ ಗೌರವಕ್ಕೆ. ದುಂಬಿಯ ನೀಳ ಕುಡಿಮೀಸೆಗಳು ಆಕೆಯ ಜಡೆಗಳನ್ನು ನೆನಪಿಸುತ್ತವಂತೆ. ಆದರೆ ಈ ದುಂಬಿ ಪ್ರಾಣ ಬಿಟ್ಟಾಗ ಗ್ರೆಟಾ ಇರಲಿ, ಆಕೆಯ ಅಪ್ಪ ಅಮ್ಮನೂ ಹುಟ್ಟಿರಲಿಲ್ಲ! ಇದಕ್ಕೆ 'ಹೊಸ ದುಂಬಿ ಪತ್ತೆ' ಎಂದು ಪತ್ರಿಕೆಗಳು ಸಂಭ್ರಮಪಟ್ಟವು.

ಹೆಸರಿಡುವುದರಲ್ಲಿ ಕೀಟವಿಜ್ಞಾನಿ ಟೆರಿ ಅರ್ವಿನ್ ಅವರದು ಬೇರೆಯದೇ ಮೋಜು. ಪನಾಮಾದಲ್ಲಿ ಒಂದೇ ಜಾತಿಯ 19 ಮರಗಳಿಗೆ ಕೀಟನಾಶಕದ ಹೊಗೆ ಹಾಕಿ, ಕೆಳಗೆ ಉದುರಿದ್ದರಲ್ಲಿ ಸುಮಾರು 1,200 ಬಗೆಯ ದುಂಬಿ ಎಣಿಸಿದ ಮನುಷ್ಯ. ಅಷ್ಟೊಂದು ಮಕ್ಕಳಿರುವ ಮನೆಯಲ್ಲಿ ಹೆಸರಿಗೆ ಬರಗಾಲವೇ. 2002ರಲ್ಲಿ ಕೋಸ್ಟರಿಕಾದ 29 ಹೊಸ 'ಆಗ್ರಾ' ಕುಲದ ದುಂಬಿಗಳನ್ನು ಒಟ್ಟಿಗೆ ವಿವರಿಸಿದರು. ತೊಡೆ ದಪ್ಪಗಿದ್ದ ಒಂದು ನಟ ಶ್ವಾರ್ಜನೆಗರ್ ಪಾಲಾಯಿತು.

ನನಗೂ ಆಸೆಯಾಯಿತು. ನನ್ನ ಪುಸ್ತಕಗಳು ಎರಡನೇ ಮುದ್ರಣ ಕಾಣುವ ಲಕ್ಷಣವಿಲ್ಲ. ದುಂಬಿಗಂಟಿದ ಹೆಸರಾದರೆ ಸುಲಭಕ್ಕೆ ಅಳಿಯದು. ಹೆಂಡತಿಗೆ ಹೇಳಿದೆ. ಮೇಲಿಂದ ಕೆಳಗೆ ಒಮ್ಮೆ ನೋಡಿ, "ಹೊಟ್ಟೆಯಿಂದ ಗುರುತು ಹಿಡಿಯೋ ಹುಳ ಯಾವುದಾದ್ರೂ ಇದ್ಯೇನ್ರೀ?" ಎಂದಳು.

ಅರ್ವಿನ್ ಹೆಸರಿಟ್ಟ ಆ 29ರಲ್ಲಿ ಕೇಟ್ ವಿನ್ಸ್ಲೆಟ್ ಹೆಸರಿನದೂ ಒಂದಿದೆ. 'ಟೈಟಾನಿಕ್' ಸಿನಿಮಾದ ನಾಯಕಿ ಹಡಗಿನ ಜೊತೆ ಮುಳುಗಲಿಲ್ಲ, ಮಳೆಕಾಡೆಲ್ಲ ಹುಲ್ಲುಗಾವಲಾದರೆ ಈ ದುಂಬಿ ಚೆಲುವೆಯ ಬಗ್ಗೆ ಹಾಗೆನ್ನಲಾಗದು ಎಂಬರ್ಥದ ಮಾತನ್ನು ಅರ್ವಿನ್ ಹೆಸರಿನ ವಿವರಣೆಯಲ್ಲೇ ಸೇರಿಸಿದರು. ಕಾಡಿನ ಸಂಕಟ ಹೇಳಲು ಅವರಿಗೂ ಒಬ್ಬ ತಾರೆ ಬೇಕಾಯಿತು. ಉಳಿದ ದುಂಬಿಗಳನ್ನು ಬಿಟ್ಟು ನಾನು ಮೊದಲು ಓದಿದ್ದೂ ಅವಳದನ್ನೇ.