ಬುಲ್‌ಹೆಡ್ ಸಿಟಿಯ ಏರುದಾರಿ

ಅಮೆರಿಕೆಯ ಅರಿಝೋನಾ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಕೊಲರಾಡೋ ನದಿಯ ದಂಡೆಯ ಮೇಲೆ, ಬುಲ್‌ಹೆಡ್ ಸಿಟಿ ಎಂಬ ಊರಿದೆ. ನದಿಯ ಆಚೆಯ ದಂಡೆ ನೆವಾಡಾ ರಾಜ್ಯದ ಲಾಫ್ಲಿನ್. ಈ ಕಡೆಯವರು ದುಡಿಯಲು ಆ ಕಡೆಗೂ, ಆ ಕಡೆಯವರು ಮನೆಮಾಡಲು ಈ ಕಡೆಗೂ ದಿನವೂ ಸೇತುವೆ ದಾಟುತ್ತಾರೆ. ಅರಿಝೋನಾದವರು ಬೇಸಿಗೆಯಲ್ಲಿ ಗಡಿಯಾರವನ್ನು ಮುಂದೆ ತಿರುಗಿಸುವ ಪದ್ಧತಿಯನ್ನು ಒಪ್ಪಿಕೊಂಡಿಲ್ಲವಾದ್ದರಿಂದ, ಬೇಸಿಗೆಯಲ್ಲಿ ಎರಡು ದಂಡೆಗಳಿಗೂ ಒಂದೇ ವೇಳೆ. ಚಳಿಗಾಲದಲ್ಲಿ ಒಂದು ಗಂಟೆಯ ಅಂತರ. ಗಡಿಯಲ್ಲಿ ಹುಟ್ಟಿ ಗಡಿಯಲ್ಲಿಯೇ ಬೆಳೆದ ನಮ್ಮಂಥವರಿಗೆ ಇಂಥ ಊರು ಪರಕೀಯವೆನಿಸುವುದಿಲ್ಲ.

ಊರಿನ ಹೆಸರಿನ ಅರ್ಥ ‘ಎತ್ತಿನ ತಲೆ’ ಎಂದು. ಮಲಗಿದ ಎತ್ತಿನ ತಲೆಯಂತೆ ಕಾಣುತ್ತಿದ್ದ ಬಂಡೆಯೊಂದು ನದಿಯ ಪಕ್ಕದಲ್ಲಿತ್ತಂತೆ. 1951ರಲ್ಲಿ ಮುಗಿದ ಡೇವಿಸ್ ಅಣೆಕಟ್ಟು ಹಿಂದೆ ಮೊಹಾವೆ ಸರೋವರವನ್ನು ನಿಲ್ಲಿಸಿದಾಗ ಆ ಬಂಡೆಯ ಬಹುಭಾಗ ನೀರಿನಲ್ಲಿ ಮುಳುಗಿತು. ಹೆಸರು ಮಾತ್ರ ದಡದ ಮೇಲೆ ಉಳಿಯಿತು. ಹೂವರ್ ಅಣೆಕಟ್ಟಿನಿಂದ ಬಿಟ್ಟ ನೀರನ್ನು ಇಲ್ಲಿ ಮತ್ತೊಮ್ಮೆ ತಡೆದು, 1944ರ ಒಪ್ಪಂದದಂತೆ ಮೆಕ್ಸಿಕೋ ದೇಶದ ಪಾಲನ್ನು ಅಳೆದು ಬಿಡುತ್ತಾರೆ. ಸೊನ್ನಲಾಪುರ, ಜತ್ತದ ಕಡೆಯ ಓದುಗರಿಗೆ ನೀರಿನ ಪಾಲಿನ ಮಾತನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಅಕ್ಕನ ಮಗ ಫೀನಿಕ್ಸ್ ನಗರದಲ್ಲಿದ್ದಾನೆ. ಮೇ ತಿಂಗಳ ಸೂಟಿಯಲ್ಲಿ ಅವನ ಮನೆಗೆ ಹೋಗಿದ್ದಾಗ, ಅವನೊಡನೆ ಹಿಂದೆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರನ್ನು ಕಾಣಲು ಸುಮಾರು 220 ಮೈಲಿ ದಾಟಿ ಈ ಊರಿಗೆ ಬಂದೆವು. ಆ ಹಿರಿಯರಿಗೂ ಅವರ ಪತ್ನಿಗೂ ಸ್ಥಿರವಾದ ಮನೆಯಿಲ್ಲ. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಚಿಕ್ಕ ಗಾಲಿಮನೆಯೇ ಅವರ ಮನೆ. ಚಳಿಗಾಲವನ್ನು ಬೆಚ್ಚಗಿನ ಈ ನದೀತೀರದಲ್ಲಿ ಕಳೆದು, ಬಿಸಿಲೇರುತ್ತಲೇ 7,000 ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫ್ ಕಡೆಗೆ ಮನೆಯನ್ನೇ ಎಳೆದುಕೊಂಡು ಏರುತ್ತಾರೆ. ಕುರಿಗಾರರ ವಲಸೆಯನ್ನು ಕಂಡ ನನಗೆ ಇದು ಹೊಸತೆನಿಸಲಿಲ್ಲ. ಆದರೆ ಒಲೆ, ಹಾಸಿಗೆ, ಸ್ನಾನದ ಕೋಣೆಗಳು ಸಹ ಹಿಂದೆ ಬರುವುದನ್ನು ಕಂಡದ್ದು ಅದೇ ಮೊದಲು.

ಈ ವರ್ಷ ಅವರ ಸಂಸಾರ ಬೆಳೆದಿತ್ತು. ಮಗಳು ತೀರಿಕೊಂಡು ಒಂಬತ್ತು ವರ್ಷದ ಮೊಮ್ಮಗ ಇವರ ಮಡಿಲಿಗೆ ಬಂದಿದ್ದ. ಊಟದ ಮೇಜನ್ನು ಮಡಿಚಿ ಅದರ ಮೇಲೆ ಹುಡುಗನಿಗೆ ಹಾಸುತ್ತಿದ್ದರು. ಅವನಿಗೊಂದು ಸ್ವಂತ ಮಂಚ, ಪುಸ್ತಕಕ್ಕೊಂದು ಹಲಗೆ ಇರಬೇಕೆಂದು ಅಜ್ಜಿಯ ಆಸೆ. ಆದ್ದರಿಂದ ದೊಡ್ಡ ಗಾಲಿಮನೆ ಬೇಕಾಗಿತ್ತು. ಹೊಸ ಟ್ರಕ್ಕಿಗೆ ಮಾತ್ರ ಹಣವಿರಲಿಲ್ಲ. ಇದ್ದ ಟ್ರಕ್ಕು ಎಷ್ಟನ್ನು ಸುರಕ್ಷಿತವಾಗಿ ಒಯ್ಯಬಲ್ಲದು ಎಂಬುದೇ ಪ್ರಶ್ನೆ.

ಈ ಬಗೆಯ ಗಾಲಿಮನೆಗೆ ‘ಫಿಫ್ತ್ ವೀಲ್’, ಅಂದರೆ ಐದನೆಯ ಚಕ್ರವೆಂದು ಹೆಸರು. ಹುಡುಕಿದರೆ ಐದನೆಯ ಚಕ್ರ ಎಲ್ಲಿಯೂ ಕಾಣದು. ಕುದುರೆ ಸಾರೋಟಿನ ಕಾಲದಲ್ಲಿ ಮುಂದಿನ ಅಚ್ಚು ಎಡಬಲಕ್ಕೆ ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಒಂದು ಬಳೆಯನ್ನು ಕೂಡಿಸುತ್ತಿದ್ದರು. ಅದೇ ಐದನೆಯ ಚಕ್ರ. 1914ರಲ್ಲಿ ಡೆಟ್ರಾಯಿಟಿನ ಕಮ್ಮಾರ ಆಗಸ್ಟ್ ಫ್ರುಹಾಫ್ ಎಂಬವನು ಮರದ ವ್ಯಾಪಾರಿಯೊಬ್ಬನ ದೋಣಿಯನ್ನು ಮೋಟಾರಿನ ಹಿಂದೆ ಒಯ್ಯಲು ಬಂಡಿಯೊಂದನ್ನು ಮಾಡಿಕೊಟ್ಟ. ಮುಂದೆ ಚಕ್ರವಿಲ್ಲದೆ, ಎಳೆಯುವ ವಾಹನದ ಬೆನ್ನಿನ ಮೇಲೆಯೇ ತಲೆಯಿಟ್ಟು ಬರುವ ಇಂಥ ಬಂಡಿಗಳಿಂದ ಹೆದ್ದಾರಿಯ ದೊಡ್ಡ ಲಾರಿಗಳು ಬೆಳೆದವು. ಗಾಲಿಮನೆಯದೂ ಅದೇ ಕ್ರಮ. ಅದರ ಮುಂಭಾಗದಿಂದ ಕೆಳಗಿಳಿದ ದಪ್ಪ ಉಕ್ಕಿನ ಗೂಟ ಟ್ರಕ್ಕಿನ ತೊಟ್ಟಿಯಲ್ಲಿ, ಹಿಂದಿನ ಅಚ್ಚಿನ ನೇರಕ್ಕೆ, ಒಂದು ದವಡೆಯಲ್ಲಿ ಕಚ್ಚಿಕೊಳ್ಳುತ್ತದೆ. ಟ್ರಕ್ಕಿನ ಬಾಲಕ್ಕೆ ಕಟ್ಟಿದ ಬಂಡಿ ಗಾಳಿಗೆ ಓಲಾಡುವಷ್ಟು ಇದು ಓಲಾಡುವುದಿಲ್ಲ. ಆದರೆ ಈ ಸ್ಥಿರತೆಗೆ ಬೆಲೆ ತೆರಬೇಕು: ಮನೆಯ ಒಟ್ಟು ತೂಕದ ನೂರಕ್ಕೆ 20ರಿಂದ 25 ಪಾಲು ಟ್ರಕ್ಕಿನ ಬೆನ್ನಿನ ಮೇಲೆ ಕೂಡುತ್ತದೆ. ಬಾಲಕ್ಕೆ ಕಟ್ಟಿದ್ದರೆ 10ರಿಂದ 15 ಪಾಲು ಸಾಕು.

ನಮ್ಮ ಚಕ್ಕಡಿಯ ಒಕ್ಕಲಿಗನಿಗೆ ಈ ಮಾತು ಬಾಯಿಪಾಠವಾದದ್ದೇ. ಹೇರು ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಾದರೆ ನೊಗ ಮೇಲೆದ್ದು ಕೊರಳಿನ ಪಟ್ಟಿ ಉಸಿರು ಕಟ್ಟಿಸುತ್ತದೆ. ಎತ್ತು ಎಳೆಯುವ ಭಾರ ಬೇರೆ, ಹೊರುವ ಭಾರ ಬೇರೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರಾಕ್ಟರು ದಿಬ್ಬ ಏರುವಾಗ ಮುಂದಿನ ಗಾಲಿಗಳು ನೆಲಬಿಟ್ಟು ಏಳುವುದನ್ನು ಅಕ್ಕಲಕೋಟೆಯ ದಾರಿಯಲ್ಲಿ ಕಾಣದವರಾರು?

ಆ ಹಿರಿಯರು ಕಿಂಗ್‌ಮನ್ ಊರಿನ ಅಂಗಡಿಯೊಂದರಲ್ಲಿ ಒಂದು ಭವ್ಯವಾದ ಗಾಲಿಮನೆಯನ್ನು ಮೆಚ್ಚಿದ್ದರು. ಹುಡುಗನಿಗೆ ಬೇರೆಯೇ ಕೋಣೆ. ಗುಂಡಿ ಒತ್ತಿದರೆ ಗೋಡೆಗಳೇ ಹೊರಕ್ಕೆ ಸರಿದು ಮನೆ ಅಗಲವಾಗುತ್ತದೆ. ಖಾಲಿ ಇದ್ದಾಗ 10,200 ಪೌಂಡು. “ನಿಮ್ಮ ಟ್ರಕ್ಕು 14,000 ಪೌಂಡು ಎಳೆಯಬಲ್ಲದೆಂದು ಅದರ ಕಂಪನಿಯೇ ಮುದ್ರಿಸಿದೆ, ಇನ್ನೇನು ಸಂಶಯ?” ಎಂದು ಮಾರುವವನು ಹೇಳಿದ್ದನಂತೆ. ಅವನ ಮಾತು ಸುಳ್ಳಲ್ಲ. ಅರ್ಧ ಮಾತ್ರ ಹೇಳಿದ್ದ. ಅಂಗಡಿಕಾರರ ಅರ್ಧಸತ್ಯಕ್ಕೆ ದೇಶಭಾಷೆಗಳ ಭೇದವಿಲ್ಲ.

ನನ್ನ ಅಳಿಯ ಟ್ರಕ್ಕಿನ ಚಾಲಕನ ಬಾಗಿಲನ್ನು ತೆರೆದು, ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಹಳದಿ ಅಂಚಿನ ಚೀಟಿಯನ್ನು ತೋರಿಸಿದ. ಜನರೂ ಸಾಮಾನೂ ಸೇರಿ ಈ ವಾಹನದ ಮೇಲೆ 3,000 ಪೌಂಡಿಗಿಂತ ಹೆಚ್ಚು ಹೇರಬಾರದು ಎಂದು ಅದರಲ್ಲಿತ್ತು. ಪಕ್ಕದ ಇನ್ನೊಂದು ಚೀಟಿಯಲ್ಲಿ, ಟ್ರಕ್ಕು ತನ್ನ ಹೊರೆಯೊಡನೆ 10,000 ಪೌಂಡನ್ನು ಮೀರಬಾರದೆಂದೂ, ಒಂದೊಂದು ಅಚ್ಚಿನ ಮಿತಿ ಇಷ್ಟಿಷ್ಟೆಂದೂ ಬರೆದಿತ್ತು. “ಮಾಮಾ, ಜಗ್ಗೂದು ಬ್ಯಾರೆ, ಹೊರೂದು ಬ್ಯಾರೆ ನೋಡ್ರಿ. ಈ ಗಾಡಿಗೆ ಜಗ್ಗೂ ಶಕ್ತಿ ಸಾಕಷ್ಟು ಐತಿ, ಬೆನ್ನಿನ ಶಕ್ತಿ ಮೊದಲ ಮುಗೀತದ” ಎಂದ ಅವನು.

ಮರುದಿನ ಮುಂಜಾನೆ ಹಳೆಯ ಗಾಲಿಮನೆಯನ್ನು ಕಟ್ಟಿಕೊಂಡು ಅವರು ಮುಂದೆ, ಕಾರಿನಲ್ಲಿ ನಾವು ಹಿಂದೆ, ಕಿಂಗ್‌ಮನ್ನಿಗೆ ಹೊರಟೆವು. ಟ್ರಕ್ಕಿನಲ್ಲಿಯೇ ಕೂಡಲು ಅವರು ಕರೆದರೂ, ನನ್ನ ಶರೀರದ ಭಾರದಿಂದ ಅವರ ಲೆಕ್ಕ ಕೆಡದಿರಲಿ ಎಂದು ಕಾರಿನಲ್ಲಿಯೇ ಕುಳಿತೆ. ನದಿಯನ್ನು ಬಿಟ್ಟೊಡನೆ 68ನೆಯ ರಾಜ್ಯ ಹೆದ್ದಾರಿ ಕಪ್ಪು ಬೆಟ್ಟಗಳ ಸಾಲನ್ನು ಏರತೊಡಗುತ್ತದೆ. ಹಸಿರು ಅಲ್ಲಲ್ಲಿ ಮುಳ್ಳುಗಂಟಿಯಾಗಿ ಮಾತ್ರ ಕಾಣುತ್ತದೆ. ಉಳಿದದ್ದೆಲ್ಲ ಸುಟ್ಟ ಇಟ್ಟಿಗೆಯ ಬಣ್ಣದ ಕಲ್ಲು. ಬಿಸಿಲು ಬೆಳಗಿನ ಒಂಬತ್ತಕ್ಕೇ ಕಣ್ಣು ಕುಕ್ಕುತ್ತಿತ್ತು.

ಈ ಏರು ಸಾಮಾನ್ಯವಾದದ್ದಲ್ಲ. ‘ಡೇವಿಸ್ ಡ್ಯಾಮ್ ಗ್ರೇಡ್’ ಎಂದು ವಾಹನ ತಯಾರಕರೆಲ್ಲರೂ ಬಲ್ಲ ಪರೀಕ್ಷೆಯ ದಾರಿ ಇದು. ಹಿಂದೆ ಒಬ್ಬೊಬ್ಬ ತಯಾರಕನೂ ತನ್ನ ಟ್ರಕ್ಕು ಎಳೆಯುವ ಭಾರವನ್ನು ತನಗೆ ತೋರಿದಂತೆ ಸಾರಿಕೊಳ್ಳುತ್ತಿದ್ದ. ಆ ಮೇಲೆ ಅಲ್ಲಿಯ ವಾಹನ ಎಂಜಿನಿಯರರ ಸಂಸ್ಥೆ ಎಲ್ಲರಿಗೂ ಒಂದೇ ಅಳತೆಗೋಲನ್ನು ಗೊತ್ತುಮಾಡಿತು. ಅದರಂತೆ, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ತಂಪು ಯಂತ್ರವನ್ನು ಪೂರ್ಣವಾಗಿ ಚಾಲೂ ಇಟ್ಟು, 11.4 ಮೈಲಿಗಳ ಈ ಏರನ್ನು ಹೊರೆಯೊಡನೆ ಗಂಟೆಗೆ 40 ಮೈಲಿಗಿಂತ ಕಡಿಮೆಯಾಗದಂತೆ ಏರಬೇಕು. ಹಿಂದೆ ಜೋಡಿ ಗಾಲಿಗಳಿರುವ ಭಾರಿ ಟ್ರಕ್ಕಿಗೆ 35 ಮೈಲಿ ಸಾಕು. ಸರಾಸರಿ ನೂರು ಅಡಿಗೆ ಐದು ಅಡಿಯ ಏರು. ಒಟ್ಟು ಲೆಕ್ಕ ಹಾಕಿದರೆ 3,000 ಅಡಿ. ಇದಲ್ಲದೆ ನೂರಕ್ಕೆ ಹನ್ನೆರಡರ ಕಡಿದಾದ ಇಳಿಜಾರಿನಲ್ಲಿ ನಿಂತಲ್ಲಿಂದ ಹೊರಡುವ ಪರೀಕ್ಷೆಯೂ ಉಂಟು. ಪರೀಕ್ಷಾರ್ಥಿಯ ಜೊತೆಗೆ ಪ್ರಶ್ನಪತ್ರಿಕೆಯನ್ನೂ ಓದಬೇಕಲ್ಲವೆ? ಆ ಪರೀಕ್ಷೆಯಲ್ಲಿ ಟ್ರಕ್ಕಿನೊಳಗೆ ತಲಾ 150 ಪೌಂಡಿನ ಇಬ್ಬರನ್ನು ಮಾತ್ರ ಗಣಿಸುತ್ತಾರೆ. ಮೊಮ್ಮಗ, ನಾಯಿ, ಉಪಕರಣದ ಪೆಟ್ಟಿಗೆ ಅಲ್ಲಿ ಲೆಕ್ಕಕ್ಕಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಪೆಟ್ರೋಲಿನ ಸಾಧಾರಣ ಎಂಜಿನ್ನು ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಬಲಗುಂದುತ್ತದೆ. ಈ ಟ್ರಕ್ಕಿನದು ಅಂಥದೇ ಎಂಜಿನ್ನು; ಫ್ಲ್ಯಾಗ್‌ಸ್ಟಾಫ್ ತಲಪುವ ಹೊತ್ತಿಗೆ ಐದನೆಯ ಒಂದು ಪಾಲು ಬಲ ಇಲ್ಲವಾಗಿರುತ್ತದೆ.

ದಕ್ಷಿಣಕ್ಕೆ ಇದೇ ಬೆಟ್ಟಗಳಲ್ಲಿ ಓಟ್‌ಮನ್ ಎಂಬ ಹಳೆಯ ಚಿನ್ನದ ಗಣಿಯೂರು ಇದೆ. ಪ್ರಸಿದ್ಧವಾದ 66ನೆಯ ಹೆದ್ದಾರಿ ಮೊದಲು ಹಾದುಹೋದದ್ದು ಅಲ್ಲಿಂದಲೇ. ಎಂಜಿನ್ನಿಗೆ ಪೆಟ್ರೋಲು ತಾನಾಗಿ ಇಳಿದುಬರುತ್ತಿದ್ದ ಅಂದಿನ ಕಾರುಗಳು ಮುಖ ಮೇಲೆತ್ತಿದರೆ ಪೆಟ್ರೋಲು ಸಿಗದೆ ನಿಲ್ಲುತ್ತಿದ್ದವು. ಆದ್ದರಿಂದ ಜನ ಹಿಮ್ಮುಖವಾಗಿ ಬೆಟ್ಟ ಏರುತ್ತಿದ್ದರಂತೆ. ಗಣಿಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ಇಂದಿಗೂ ಓಟ್‌ಮನ್ನಿನ ಬೀದಿಯಲ್ಲಿ ಅಡ್ಡಾಡುತ್ತ, ಪ್ರವಾಸಿಗಳ ಕಾರಿನೊಳಗೆ ಮೂತಿ ಇಡುತ್ತದೆ. ಈಗ ಅವುಗಳ ಬೆನ್ನಿನ ಮೇಲೆ ಯಾವ ಹೇರೂ ಇಲ್ಲ.

ಕಿಂಗ್‌ಮನ್ನಿನಲ್ಲಿ ಲಾರಿಗಳ ತಂಗುದಾಣದ ತೂಕದ ಕಟ್ಟೆಗೆ ಹೋದೆವು. ಮೂರು ಹಲಗೆಗಳ ತಕ್ಕಡಿ ಅದು: ಒಂದರ ಮೇಲೆ ಟ್ರಕ್ಕಿನ ಮುಂಗಾಲಿ, ಇನ್ನೊಂದರ ಮೇಲೆ ಹಿಂಗಾಲಿ, ಮೂರನೆಯದರ ಮೇಲೆ ಗಾಲಿಮನೆಯ ಗಾಲಿಗಳು. ಮೊದಲು ಕೂಡಿಸಿಯೇ ತೂಗಿದರು. ಟ್ರಕ್ಕಿನ ಎರಡು ಅಚ್ಚುಗಳ ಮೇಲೆ 9,300 ಪೌಂಡು, ಗಾಲಿಮನೆಯ ಅಚ್ಚುಗಳ ಮೇಲೆ 6,000. ಆಮೇಲೆ ಮನೆಯನ್ನು ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಿ, ಮೂವರನ್ನೂ ನಾಯಿಯನ್ನೂ ಒಳಗೆ ಕೂಡಿಸಿ ಟ್ರಕ್ಕನ್ನು ಮಾತ್ರ ತೂಗಿದರು: 7,700. ಮುಂದಿನದು ನಮ್ಮ ಶಾಲೆಯ ಐದನೆಯ ಇಯತ್ತೆಯ ಮಕ್ಕಳು ಬಿಡಿಸುವ ಲೆಕ್ಕ. 9,300ರಲ್ಲಿ 7,700 ಕಳೆದರೆ ಗೂಟದ ಮೇಲಿನ ಭಾರ 1,600. ಹಳೆಯ ಮನೆಯ ಪೂರ್ಣ ತೂಕ 7,600. ಅದರಲ್ಲಿ ನೂರಕ್ಕೆ 21 ಪಾಲು ಬೆನ್ನಿನ ಮೇಲೆ. ಟ್ರಕ್ಕಿನ ಮಿತಿ 10,000. ಎಂದರೆ ಗೂಟ ಒತ್ತಬಹುದಾದ ಅತ್ಯಧಿಕ ಭಾರ 2,300 ಪೌಂಡು.

ಮೆಚ್ಚಿದ ಭವ್ಯ ಮನೆ ಖಾಲಿ ಇದ್ದಾಗ 10,200 ಆದರೂ, ಸಾಮಾನು ತುಂಬಿದಾಗ 13,000 ಮುಟ್ಟಬಹುದೆಂದು ಅದರ ಗೋಡೆಯ ಮೇಲೆಯೇ ಬರೆದಿತ್ತು. ಖಾಲಿ ಮನೆಯಲ್ಲಿ ಯಾರು ಸಂಸಾರ ಮಾಡುತ್ತಾರೆ? 60 ಗ್ಯಾಲನ್ ನೀರೇ 500 ಪೌಂಡು. ಪಾತ್ರೆ, ಅಡಿಗೆಯ ಅನಿಲ, ಹಾಸಿಗೆ, ಪುಸ್ತಕ ಬೇರೆ. ತೂಗುವ ಅವಕಾಶವಿಲ್ಲದ ಹೊಸ ಮನೆಗೆ ನೂರಕ್ಕೆ 22 ಎಂದು ಹಿಡಿದರೂ ಗೂಟದ ಭಾರ 2,860. ಮಿತಿಯ ಮೇಲೆ 560 ಪೌಂಡು. ಎಂಜಿನ್ನು ಎಳೆದೀತು, ಹಿಂದಿನ ಟೈರು, ಅಚ್ಚು, ಸ್ಪ್ರಿಂಗುಗಳು ತಡೆದಾವೆಯೆ? ಸ್ಪ್ರಿಂಗಿಗೆ ಗಾಳಿಚೀಲ ಕಟ್ಟಿಸಿದರೆ ಆಯಿತೆಂದು ಮಾರುವವನು ಸೂಚಿಸಿದ. ಗಾಳಿಚೀಲದಿಂದ ಕುಗ್ಗಿದ ಬೆನ್ನು ಮೇಲೆ ಕಂಡೀತೇ ಹೊರತು, ಚೀಟಿಯ ಮೇಲಿನ ಅಂಕಿ ಬದಲಾಗದು.

ಏರಿಗಿಂತ ಇಳಿತವೇ ಹೆಚ್ಚು ಅಪಾಯಕರ ಎಂಬುದು ನನಗೆ ತಿಳಿದದ್ದು ಆ ಹಿರಿಯರ ಮಾತಿನಿಂದ. ಇಳಿಯುವಾಗ ಕೆಳಗಿನ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ವೇಗವನ್ನು ಹಿಡಿಯಬೇಕು. ಬ್ರೇಕನ್ನು ಒತ್ತಿಯೇ ಇಟ್ಟರೆ ಅದು ಕಾದು ಕೆಲಸ ಬಿಡುತ್ತದೆ. ಗಾಲಿಮನೆಗೆ ಅದರದೇ ವಿದ್ಯುತ್ ಬ್ರೇಕುಗಳಿವೆ. ಅಕಸ್ಮಾತ್ ಕೊಂಡಿ ಕಳಚಿದರೆ ಒಂದು ತಂತಿ ಜಗ್ಗಿ ಆ ಬ್ರೇಕುಗಳು ತಾವಾಗಿಯೇ ಬಿಗಿಯುತ್ತವೆ. ಆದರೆ ಅದಕ್ಕೆ ಮನೆಯ ಬ್ಯಾಟರಿಯಲ್ಲಿ ಜೀವವಿರಬೇಕು. ಹೊರಡುವ ಮುನ್ನ ಅವರು ಅದನ್ನು ಎರಡು ಸಲ ನೋಡುವುದನ್ನು ನಾನು ಕಂಡಿದ್ದೆ.

ಅಜ್ಜಿ ಕಾಗದದ ಮೇಲಿನ ಅಂಕಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಭವ್ಯ ಮನೆಯ ಕಡೆಗೆ ತಿರುಗದೆ, ಅಂಗಳದ ಕೊನೆಯಲ್ಲಿದ್ದ ಇನ್ನೊಂದನ್ನು ತೋರಿಸೆಂದು ಕೇಳಿದರು. ಅದರ ತುಂಬಿದ ತೂಕದ ಮಿತಿ 10,000. ಖಾಲಿ ತೂಕ 7,900. ಗೂಟದ ಭಾರ 2,200ರಷ್ಟಾದೀತು. ಟ್ರಕ್ಕಿನ ಮೇಲೆ ಒಟ್ಟು 9,900. ಉಳಿದದ್ದು ನೂರು ಪೌಂಡು ಮಾತ್ರ. ನೀರಿನ ತೊಟ್ಟಿ ಗಾಲಿಗಳ ಹಿಂದೆ ಇದ್ದುದರಿಂದ ಅದು ತುಂಬಿದಾಗ ಗೂಟದ ಭಾರ ಇನ್ನಷ್ಟು ಇಳಿಯುವುದೆಂದು ಹಿರಿಯರು ಬಗ್ಗಿ ನೋಡಿ ಹೇಳಿದರು. ಹುಡುಗನಿಗೆ ಬೇರೆ ಕೋಣೆ ಇರಲಿಲ್ಲ; ಹಿಂದಿನ ಮೂಲೆಯಲ್ಲಿ ಒಂದರ ಮೇಲೊಂದು ಎರಡು ಮಂಚಗಳು, ಪಕ್ಕದಲ್ಲಿ ಚಿಕ್ಕ ಕಿಟಕಿ, ಒಂದು ಹಲಗೆ. ಅವನು ಮೇಲಿನ ಮಂಚವನ್ನು ಹತ್ತಿ ಉದ್ದಕ್ಕೆ ಮಲಗಿದ. ಕೆಳಗಿನದು ನಾಯಿಗೆ ಎಂದ. ಅಂಗಡಿಯವನು ಬರೆದು ತಂದ ಕಾಗದದಲ್ಲಿ, ಮನೆಯನ್ನು ವಶಕ್ಕೆ ಕೊಡುವ ಮೊದಲು ಅದೇ ಕಟ್ಟೆಯ ಮೇಲೆ ತೂಗಿ ತೋರಿಸಬೇಕು, ಗೂಟದ ಭಾರ 2,300 ಮೀರಿದರೆ ಮುಂಗಡ ಹಿಂದಿರುಗಿಸಬೇಕು ಎಂಬ ಒಂದು ಸಾಲನ್ನು ಸೇರಿಸುವವರೆಗೆ ಹಿರಿಯರು ರುಜು ಹಾಕಲಿಲ್ಲ.