ಎಷ್ಟು ದೂರದಲ್ಲಿ ನಿಲ್ಲಬೇಕು?

ಮಿರರ್‌ಲೆಸ್ ಕ್ಯಾಮೆರಾ ಹೊತ್ತು ಕಾಶಿಗೆ ಹೊರಟವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ದೂರದ್ದನ್ನು ಹತ್ತಿರಕ್ಕೆ ಎಳೆಯುವ ದೊಡ್ಡ ಜೂಮ್ ಇರಲಿ. ದಶಾಶ್ವಮೇಧ ಘಾಟ್ ವಿಶಾಲವಾದದ್ದು, ಸಂಜೆ ಕಾಲಿಡಲು ಜಾಗವಿರುವುದಿಲ್ಲ, ಆರತಿಯ ಹತ್ತಿರ ಸುಳಿಯಲಾಗದು ಎಂಬುದು ಅದಕ್ಕೆ ಕೊಡುವ ಕಾರಣ. ಈ ಸಲಹೆ ನನಗೆ ಒಪ್ಪಿಗೆಯಿಲ್ಲ. ಆ ಘಾಟಿಗೆ ಮೊದಲು ಬೇಕಾದದ್ದು 35 ಮಿ.ಮೀ.ನ ಪುಟ್ಟ ಪ್ರೈಮ್ ಲೆನ್ಸ್. ಎಪಿಎಸ್-ಸಿ ಸೆನ್ಸರಿನವರಿಗೆ 23, ಮೈಕ್ರೋ ಫೋರ್ ಥರ್ಡ್ಸ್‌ನವರಿಗೆ 17. ಲೆನ್ಸ್ ಆರಿಸುವಾಗಲೇ ನಾವು ಜನರಿಂದ ಎಷ್ಟು ದೂರ ನಿಲ್ಲುತ್ತೇವೆ ಎಂಬುದೂ ತೀರ್ಮಾನವಾಗಿಬಿಡುತ್ತದೆ. ಚಿತ್ರದಲ್ಲಿ ಗಂಗೆ ಉಳಿಯುತ್ತಾಳೋ ಇಲ್ಲವೋ ಎಂಬುದು ಆ ದೂರಕ್ಕೇ ಬಿಟ್ಟದ್ದು.

ಲೆಕ್ಕ ಹಾಕಿಯೇ ನೋಡಬಹುದು. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಹಾಗಾಗಿ 35ರ ಲೆನ್ಸಿನಲ್ಲಿ ಎಷ್ಟು ದೂರ ನಿಂತರೆ ಹೆಚ್ಚುಕಡಿಮೆ ಅಷ್ಟೇ ಅಗಲ ಚೌಕಟ್ಟಿಗೆ ಬರುತ್ತದೆ. ಬಿದಿರಿನ ಛತ್ರಿಯ ಕೆಳಗೆ ಮರದ ಚೌಕಿಯ ಮೇಲೆ ಕುಳಿತ ಘಾಟಿಯಾ ಪುರೋಹಿತರು, ಎದುರಿಗೆ ಸಂಕಲ್ಪಕ್ಕೆ ಕೈಯೊಡ್ಡಿದ ಯಾತ್ರಿಕರು: ಈ ನೋಟಕ್ಕೆ ಮೂರು ಮೀಟರ್ ಅಗಲ ಸಾಕು, ಮೂರು ಮೀಟರ್ ದೂರದಲ್ಲಿ ನಿಂತರಾಯಿತು. ಇದೇ ಅಗಲವನ್ನು 200 ಮಿ.ಮೀ. ಲೆನ್ಸಿನಲ್ಲಿ ಹಿಡಿಯಲು ಸುಮಾರು ಹದಿನೇಳು ಮೀಟರ್ ಹಿಂದಕ್ಕೆ ಸರಿಯಬೇಕು. ಮುಂದಿರುವವರು ಎರಡರಲ್ಲೂ ಅಷ್ಟೇ ದೊಡ್ಡದಾಗಿ ಕಾಣುತ್ತಾರೆ, ನಿಜ. ಅವರ ಬೆನ್ನಹಿಂದಿನದು ಮಾತ್ರ ಪೂರ್ತಿ ಬದಲಾಗುತ್ತದೆ. ಮೂವತ್ತು ಮೀಟರ್ ಆಚೆಯ ನೀರು, 35ರಲ್ಲಿ ಸುಮಾರು 34 ಮೀಟರ್ ಅಗಲ ಸೇರಿಕೊಳ್ಳುತ್ತದೆ. 200ರಲ್ಲಿ ಎಂಟೂವರೆ ಮೀಟರ್ ಮಾತ್ರ. ಮೊದಲನೆಯದರಲ್ಲಿ ದೋಣಿಗಳ ಸಾಲು, ಮೆಟ್ಟಿಲಿಳಿಯುವ ಸಂಸಾರಗಳು, ಆಚೆ ದಡದ ಮರಳು ಎಲ್ಲವೂ ಉಂಟು. ಎರಡನೆಯದರಲ್ಲಿ ಉಳಿಯುವುದು ಮುಖಗಳು ಮತ್ತು ಮಸುಕು. ಅದು ಹರಿದ್ವಾರದ ಚಿತ್ರವೆಂದರೂ ನಂಬಬೇಕಾಗುತ್ತದೆ. ರಘುಬೀರ್ ಸಿಂಗ್ ಅವರ 1987ರ ಬನಾರಸ್ ಪುಸ್ತಕ ತಿರುವಿದವರಿಗೆ ಗೊತ್ತು, ಅವರ ಬಣ್ಣದ ಚಿತ್ರಗಳಲ್ಲಿ ಜನ ತಮ್ಮ ಊರಿನ ಸಮೇತ ಇರುತ್ತಾರೆ.

ಮಿರರ್‌ಲೆಸ್ ವ್ಯವಸ್ಥೆಯ ಲಾಭವೂ ಇದೇ ದಿಕ್ಕಿನಲ್ಲಿದೆ. ಹಳೆಯ ಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಮೇಲೇಳಲು ಜಾಗ ಬೇಕಿತ್ತು. ನಿಕಾನ್ ಎಫ್ ಮೌಂಟಿನಲ್ಲಿ ಅದು 46.5 ಮಿ.ಮೀ.; ಕನ್ನಡಿ ಹೋದ ಮೇಲೆ ಬಂದ ಝೆಡ್ ಮೌಂಟಿನಲ್ಲಿ 16. ಅಗಲ ನೋಟದ ಲೆನ್ಸ್ ಮಾಡುವವರನ್ನು ಕಾಡಿದ ತೊಡಕು ಇದರಿಂದ ಸಡಿಲವಾಯಿತು, ಅಂಥ ಲೆನ್ಸುಗಳನ್ನು ಚಿಕ್ಕದಾಗಿ ಮಾಡುವುದು ಸಾಧ್ಯವಾಯಿತು. ಟೆಲಿ ಲೆನ್ಸಿಗೆ ಈ ಕನ್ನಡಿಯಿಂದ ತೊಂದರೆಯೇ ಇರಲಿಲ್ಲ. ಹಾಗಾಗಿ ಕನ್ನಡಿ ಹೋದದ್ದರಿಂದ ಅದಕ್ಕೆ ಬಂದ ಲಾಭವೂ ಅಷ್ಟಕ್ಕಷ್ಟೆ. ಹಗುರವೆಂದು ಕ್ಯಾಮೆರಾ ಕೊಂಡು ಅದರ ಮೂತಿಗೆ ಒಂದೂವರೆ ಕಿಲೋ ಜೂಮ್ ತಗುಲಿಸಿದರೆ ಕೊಂಡ ಉದ್ದೇಶವೇ ಕೆಟ್ಟಿತು.

ಒಂದೇ ಜೂಮ್ ಇದ್ದರೆ ಲೆನ್ಸ್ ಬದಲಿಸುವ ರಗಳೆಯಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಲೆನ್ಸ್ ಕಳಚಿದಾಗ ಸೆನ್ಸರಿನ ಮುಂದೆ ಕನ್ನಡಿಯ ಮರೆ ಇರುವುದಿಲ್ಲ. ಧೂಪದ ಹೊಗೆ, ಮರಳಿನ ಧೂಳು ನೇರ ಒಳಗಿಳಿಯಬಹುದು. ಆದರೆ ಒಂದೇ ಪ್ರೈಮ್ ಹಾಕಿಕೊಂಡು ಹೋದವರಿಗೂ ಈ ರಗಳೆಯಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಬೆಳಕು. ಆರತಿ ನಡೆಯುವುದು ಸೂರ್ಯ ಮುಳುಗಿದ ಮೇಲೆ. ಎಫ್ 1.8ರಲ್ಲಿ ಐಎಸ್‌ಒ 1600 ಸಾಕಾಗುವ ಕಡೆ, ಜೂಮಿನ ತುದಿಯ ಎಫ್ 5.6ರಲ್ಲಿ ಹತ್ತಿರಹತ್ತಿರ 16,000 ಬೇಕು. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಶನ್ ನಮ್ಮ ಕೈಯ ನಡುಕವನ್ನು ತಡೆದೀತು, ಅರ್ಚಕರು ತಿರುಗಿಸುವ ದೀಪವನ್ನು ನಿಲ್ಲಿಸಲಾರದು. ಅದಕ್ಕೆ ಶಟರ್ ವೇಗವೇ ಬೇಕು. ಎಫ್ 1.8ರಲ್ಲಿ ಹಿಂದುಮುಂದಿನದೆಲ್ಲ ಮಸುಕಾಗುವುದಿಲ್ಲವೇ ಎಂದರೆ, 35ರ ಲೆನ್ಸಿನಲ್ಲಿ ಐದು ಮೀಟರ್ ದೂರದವರನ್ನು ಫೋಕಸ್ ಮಾಡಿದಾಗ ಎರಡು ಮೀಟರಿಗೂ ಹೆಚ್ಚು ಆಳ ಸ್ಪಷ್ಟವಾಗಿಯೇ ಇರುತ್ತದೆ.

ಹತ್ತಿರ ಹೋಗುವುದೇ ಅತಿಕ್ರಮಣ, ದೂರದ ಲೆನ್ಸ್ ಯಾರಿಗೂ ತೊಂದರೆ ಕೊಡದು ಎಂಬ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ನನ್ನ ಎಣಿಕೆ ಇದಕ್ಕೆ ವಿರುದ್ಧ. ಜಂಗಮವಾಡಿ ಮಠದಲ್ಲಿ ಇಳಿದುಕೊಂಡು ಸ್ನಾನಕ್ಕೆ ಬಂದ ನಮ್ಮ ಕಡೆಯ ಹೆಂಗಸೊಬ್ಬರು ಒದ್ದೆ ಸೀರೆಯಲ್ಲಿ ಮೆಟ್ಟಿಲೇರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಮೂರು ಮೀಟರ್ ದೂರದಲ್ಲಿ ಕ್ಯಾಮೆರಾ ಎತ್ತಿದವನಿಗೆ ಅವರು ಬೇಡವೆಂದು ಕೈಯಾಡಿಸಬಲ್ಲರು, ಗದರಬಲ್ಲರು. ಅವನೂ ಅವರ ಮುಖ ನೋಡಿಯೇ ಕ್ಯಾಮೆರಾ ಇಳಿಸಿಯಾನು. ಛಾವಣಿಯ ಮೇಲಿಂದ 200ರ ಲೆನ್ಸಿನಲ್ಲಿ ಹಿಡಿದವನಿಗೆ ಬೇಡವೆನ್ನಲು ಅವರಿಗೆ ದಾರಿಯೇ ಇಲ್ಲ. ತುಸು ಉತ್ತರಕ್ಕಿರುವ ಮಣಿಕರ್ಣಿಕಾದಲ್ಲಿ ಚಿತೆಯ ಮುಂದೆ ಕ್ಯಾಮೆರಾ ಹಿಡಿಯುವುದನ್ನು ಜನ ಸಹಿಸುವುದಿಲ್ಲ. ದೋಣಿಯಲ್ಲಿ ದೂರ ಕುಳಿತು ಎಳೆದುಕೊಂಡ ಮಾತ್ರಕ್ಕೆ ಆ ಶೋಕದ ಚಿತ್ರ ನಮ್ಮದಾಗುವುದಿಲ್ಲ.

ಆರತಿಯ ಅರ್ಚಕರ ಮುಖವೇ ಬೇಕೆಂದರೆ ಇನ್ನೊಂದು ಲೆನ್ಸ್ ಬೇಕೆಂಬುದನ್ನು ಒಪ್ಪುತ್ತೇನೆ. ಅವರು ಬಹುಪಾಲು ನದಿಗೆ ಮುಖಮಾಡಿ ನಿಲ್ಲುವುದರಿಂದ ಮೆಟ್ಟಿಲಿನಿಂದ ಬೆನ್ನೇ ಕಾಣುವುದು ಹೆಚ್ಚು, ಮುಖ ಕಾಣಲು ದೋಣಿ ಹತ್ತಬೇಕು. ಅಲ್ಲಿಗೂ 85 ಮಿ.ಮೀ. ಎಫ್ 1.8 ಸಾಕು. ಇಪ್ಪತ್ತು ಮೀಟರ್ ದೂರದಿಂದ ಅದು ಎಂಟೂವರೆ ಮೀಟರ್ ಅಗಲ ಹಿಡಿಯುತ್ತದೆ: ಅರ್ಚಕರು, ಅವರ ದೀಪಗಳು, ಹಿಂದಿನ ಮೆಟ್ಟಿಲುಗಳ ಮೇಲಿನ ಜನ. ದೋಣಿ ಹತ್ತುವ ಮುಂಚೆಯೇ, ಗಾಳಿ ಹೊಗೆಗಳಿಲ್ಲದ ಕಡೆ, ಕ್ಯಾಮೆರಾದ ಬಾಯಿ ಕೆಳಮುಖ ಮಾಡಿ ಅದನ್ನು ಹಾಕಿಕೊಂಡರೆ ಸರಿ.